ಹಲ್ಲುನೋವಿನ ಮಾತ್ರೆಗೂ ಇಂಬಳ ಕಚ್ಚಿದ ಗಾಯಕ್ಕೂ ಏನು ಸಂಬಂಧ?

ಪ್ರಶ್ನೆ: ನಮ್ಮದು ಕೊಪ್ಪ ತಾಲ್ಲೂಕು. ಅಪ್ಪಯ್ಯನಿಗೆ 67 ವರ್ಷ. ಆರು ವರ್ಷದ ಹಿಂದೆ ಹಾರ್ಟ್ ಆಪರೇಶನ್ ಮಾಡಿ ಲೋಹದ ವಾಲ್ವ್ ಹಾಕಿದ್ದಾರೆ. ಅವತ್ತಿನಿಂದ ರಕ್ತ ಹೆಪ್ಪುಗಟ್ಟದ ಹಾಗೆ ದಿನಾ ಸಂಜೆ ವಾರ್ಫರಿನ್ 5 ಮಿಲಿಗ್ರಾಂ ಮಾತ್ರೆ. ಈ ಮಳೆಗಾಲದಲ್ಲಿ ಹಲ್ಲುನೋವು ಬಂತು. ಮೆಡಿಕಲ್‌ನಲ್ಲಿ ಕೇಳಿ ಮೆಟ್ರೊನಿಡಜೋಲ್ ಮತ್ತು ಐಬುಪ್ರೊಫೆನ್ ತಂದುಕೊಟ್ಟೆ. ನೋವು ಹೋಯಿತು. ಐದನೇ ದಿನ ತೋಟದಲ್ಲಿ ಇಂಬಳ ಕಚ್ಚಿತು. ಬೆಳಿಗ್ಗೆ ಕಚ್ಚಿದ್ದು, ಮಧ್ಯಾಹ್ನ ಊಟದ ಹೊತ್ತಾದರೂ ರಕ್ತ ನಿಲ್ಲಲಿಲ್ಲ. ಆಸ್ಪತ್ರೆಗೆ ಹೋದರೆ ಐಎನ್‌ಆರ್ (ರಕ್ತ ಹೆಪ್ಪುಗಟ್ಟಲು ಎಷ್ಟು ತಡವಾಗುತ್ತದೆ ಎಂದು ತೋರಿಸುವ ಅಳತೆ) 7.2 ಇದೆ, ಬಹಳ ಜಾಸ್ತಿಯಾಯಿತು ಎಂದರು. ಅಲ್ಲಿಯೇ ಇಟ್ಟುಕೊಂಡು ವಾರ್ಫರಿನ್ ಎರಡು ದಿನ ನಿಲ್ಲಿಸಿ, ಸ್ವಲ್ಪ ವಿಟಮಿನ್ ಕೆ ಕೊಟ್ಟು ಸರಿ ಮಾಡಿದರು. ಹಲ್ಲಿಗೆ ಕೊಟ್ಟ ಮಾತ್ರೆ ರಕ್ತಕ್ಕೆ ಯಾಕೆ ಹೋಯಿತು? ಮಾತ್ರೆಗೆ ತಾನು ಎಲ್ಲಿಗೆ ಹೋಗಬೇಕು ಅಂತ ಹೇಗೆ ಗೊತ್ತಾಗುತ್ತದೆ? ಪಕ್ಕದ ಮನೆಯವರು ವಾರ್ಫರಿನ್ ಅಂದರೆ ಇಲಿ ಪಾಷಾಣ ಅನ್ನುತ್ತಾರೆ, ನಿಜವೇ? ಅಮ್ಮ ಹೆದರಿ ಮನೆಯಲ್ಲಿ ಸೊಪ್ಪು ಮಾಡುವುದನ್ನೇ ಬಿಟ್ಟಿದ್ದಾರೆ. ರಕ್ತ ಪರೀಕ್ಷೆ ಬೇಡದ ಹೊಸ ಮಾತ್ರೆ ಬಂದಿದೆಯಂತೆ, ಅದನ್ನು ಕೊಡಬಹುದೇ?

ಉತ್ತರ: ಮೊದಲು ಒಂದು ಮಾತು. ಇಷ್ಟೆಲ್ಲ ಆಯಿತು ಅಂತ ವಾರ್ಫರಿನ್ ಅನ್ನು ನೀವಾಗಿ ನಿಲ್ಲಿಸಬೇಡಿ. ಲೋಹದ ವಾಲ್ವ್ ಮೇಲೆ ರಕ್ತ ಹೆಪ್ಪುಗಟ್ಟಿದರೆ ವಾಲ್ವ್ ಸಿಕ್ಕಿಹಾಕಿಕೊಳ್ಳಬಹುದು. ಹೆಪ್ಪಿನ ಚೂರು ಮಿದುಳಿಗೆ ಹೋಗಿ ಲಕ್ವಾ ಹೊಡೆಯಬಹುದು. ಇಂಬಳ ಕಚ್ಚಿದ ರಕ್ತಕ್ಕಿಂತ ಅದು ಎಷ್ಟೋ ದೊಡ್ಡ ಅಪಾಯ. ಉಳಿದದ್ದನ್ನು ನಿಧಾನಕ್ಕೆ ಮಾತಾಡೋಣ.

ಮಾತ್ರೆಗೆ ಎಲ್ಲಿಗೆ ಹೋಗಬೇಕು ಅಂತ ಹೇಗೆ ಗೊತ್ತು ಎಂದು ಕೇಳಿದಿರಿ. ಹಾಸನದಲ್ಲಿ ನಾನು ವೈದ್ಯಕೀಯ ಓದುವ ಮಕ್ಕಳಿಗೆ ಔಷಧ ಶಾಸ್ತ್ರ ಪಾಠ ಮಾಡುತ್ತಿದ್ದಾಗ ಮೊದಲನೇ ದಿನ ಕೇಳುತ್ತಿದ್ದದ್ದು ಇದೇ ಪ್ರಶ್ನೆ. ಯಾರೂ ಸರಿಯಾಗಿ ಹೇಳುತ್ತಿರಲಿಲ್ಲ. ಉತ್ತರ ಸುಲಭ: ಮಾತ್ರೆಗೆ ಏನೂ ಗೊತ್ತಿಲ್ಲ.

ನೀವು ಪಂಚೆ ಉಟ್ಟು, ಗಮ್‌ಬೂಟ್ ಹಾಕಿಕೊಂಡು ತೋಟ ಸುತ್ತಿ ಬನ್ನಿ. ಮನೆಗೆ ಬಂದು ನೋಡಿದರೆ ಪಂಚೆಯ ಅಂಚಿಗೆಲ್ಲ ಉತ್ತರಾಣಿ ಬೀಜ. ಬೂಟಿನ ಮೇಲೆ ಒಂದೂ ಇಲ್ಲ. ಉತ್ತರಾಣಿ ಪಂಚೆಯನ್ನು ಹುಡುಕಿಕೊಂಡು ಬರಲಿಲ್ಲ, ಅಲ್ವಾ? ಅದು ಬೂಟಿಗೂ ತಗುಲಿತ್ತು, ಪಂಚೆಗೂ ತಗುಲಿತ್ತು. ಅದರ ಮುಳ್ಳಿಗೆ ಹತ್ತಿಯ ನೂಲು ಸಿಕ್ಕಿತು, ಅಲ್ಲಿ ಉಳಿಯಿತು. ರಬ್ಬರಿನ ಮೇಲೆ ಹಿಡಿತ ಸಿಗಲಿಲ್ಲ, ಜಾರಿ ಬಿತ್ತು. ಔಷಧ ಮಾಡುವ ಕೆಲಸ ಇಷ್ಟೇ. 5 ಮಿಲಿಗ್ರಾಂ ವಾರ್ಫರಿನ್ ಅಂದರೆ ಸುಮಾರು ಒಂದು ಲಕ್ಷ ಕೋಟಿ ಕೋಟಿ ಅಣುಗಳು. ಒಂದರ ಮುಂದೆ 19 ಸೊನ್ನೆ. ಅವು ರಕ್ತದ ಜೊತೆ ಕಾಲಿನ ಹೆಬ್ಬೆರಳಿಗೂ ಹೋಗುತ್ತವೆ, ಕಿವಿಗೂ ಹೋಗುತ್ತವೆ. ದಾರಿಯಲ್ಲಿ ಸಿಕ್ಕಿದ್ದಕ್ಕೆಲ್ಲ ಡಿಕ್ಕಿ ಹೊಡೆಯುತ್ತವೆ. ಎಲ್ಲಿ ಹೊಂದುತ್ತದೋ ಅಲ್ಲಿ ಸ್ವಲ್ಪ ಹೊತ್ತು ಅಂಟುತ್ತವೆ. ಹಲ್ಲುನೋವಿನ ಮಾತ್ರೆಯೂ ಹೀಗೆಯೇ ಮೈಯೆಲ್ಲ ಸುತ್ತುತ್ತದೆ. ಅದು ಹಲ್ಲಿಗಂತಲೇ ಹೋಗಿರಲೇ ಇಲ್ಲ.

ಅಂಟುವುದು ಎಂದರೆ ಗೋಂದು ಹಚ್ಚಿದ ಹಾಗೆ ಅಲ್ಲ. ನಮ್ಮ ಮೈಯಲ್ಲಿ ಕೆಲಸ ಮಾಡುವ ದೊಡ್ಡ ಅಣುಗಳು ಹೆಚ್ಚಿನವು ಪ್ರೋಟೀನ್. ಉದ್ದದ ಸರವೊಂದು ಮಡಚಿ ಮಡಚಿ ಉಂಡೆಯಾದ ಹಾಗೆ ಅವುಗಳ ಆಕಾರ. ಆ ಉಂಡೆಯ ಮೈಮೇಲೆ ಸಂದು, ಗುಳಿ ಇರುತ್ತವೆ. ಗುಳಿಯ ಒಂದು ಮೂಲೆಯಲ್ಲಿ ಪಾಸಿಟಿವ್ ಚಾರ್ಜ್ ಇದ್ದರೆ ಔಷಧದ ನೆಗೆಟಿವ್ ತುದಿ ಅಲ್ಲಿ ಕೂರುತ್ತದೆ. ಗುಳಿಯ ಒಳಗೆ ಎಣ್ಣೆಯ ಸ್ವಭಾವದ ಜಾಗ ಇದ್ದರೆ ನೀರಿಗೆ ಸೇರದ ಭಾಗ ಅಲ್ಲಿ ಹೋಗಿ ಅಡಗುತ್ತದೆ. ಸಾರಿನ ಮೇಲೆ ಒಗ್ಗರಣೆ ಎಣ್ಣೆಯ ಬೊಟ್ಟುಗಳು ತಾವೇ ಹತ್ತಿರ ಬಂದು ಒಂದಾಗುತ್ತವಲ್ಲ, ಅದೇ ಗುಣ. ಒಂದೊಂದು ಹಿಡಿತವೂ ಬಲಹೀನ. ಹತ್ತು ಕಡೆ ಒಟ್ಟಿಗೆ ಹಿಡಿದರೆ ಗಟ್ಟಿ. 1894ರಲ್ಲಿ ಎಮಿಲ್ ಫಿಶರ್ ಇದನ್ನು ಬೀಗಕ್ಕೂ ಕೀಲಿಕೈಗೂ ಹೋಲಿಸಿದ. ಹೋಲಿಕೆ ಚೆನ್ನಾಗಿದೆ, ಇವತ್ತಿಗೂ ಶಾಲೆಯಲ್ಲಿ ಹೇಳಿಕೊಡುತ್ತಾರೆ. ಆದರೆ ಬೀಗ ಕಬ್ಬಿಣದ್ದು, ಪ್ರೋಟೀನ್ ಮೆತ್ತಗೆ. 1958ರಲ್ಲಿ ಡೇನಿಯಲ್ ಕಾಶ್‌ಲ್ಯಾಂಡ್ ಎನ್ನುವವರು, ಒಳಗೆ ಬಂದ ಅಣುವಿಗೆ ತಕ್ಕಂತೆ ಪ್ರೋಟೀನೂ ಸ್ವಲ್ಪ ಆಕಾರ ಬದಲಿಸುತ್ತದೆ ಎಂದರು. ಹೊಸ ಚರ್ಮದ ಚಪ್ಪಲಿ ಕಾಲಿಗೆ ಹೊಂದಿಕೊಳ್ಳುವ ಹಾಗೆ ಅಂದುಕೊಳ್ಳಿ.

ಈಗ ಇಂಬಳಕ್ಕೆ ಬರೋಣ. ನಿಮ್ಮ ಪ್ರಶ್ನೆಯಲ್ಲಿ ನನಗೆ ಜಾಸ್ತಿ ಇಷ್ಟವಾದ ಭಾಗ ಅದೇ.

ಇಂಬಳ ಕಚ್ಚಿದ್ದು ಗೊತ್ತೇ ಆಗುವುದಿಲ್ಲ. ಕಾಲು ತೊಳೆಯುವಾಗ ಬೆರಳ ಸಂದಿಯಲ್ಲಿ ದಪ್ಪಗೆ ಉಬ್ಬಿಕೊಂಡು ಕೂತಿರುತ್ತದೆ. ಸುಣ್ಣ, ಹೊಗೆಸೊಪ್ಪು ತಾಗಿಸಿದರೆ ಬಿಟ್ಟು ಬೀಳುತ್ತದೆ. ಆಮೇಲೆ ಶುರು ರಕ್ತ. ಗಾಯ ಸಾಸಿವೆ ಕಾಳಿನಷ್ಟೂ ಇಲ್ಲ, ರಕ್ತ ಮಾತ್ರ ಸಣ್ಣಗೆ ಒಸರುತ್ತಲೇ ಇರುತ್ತದೆ. ಯಾವ ಮಾತ್ರೆಯೂ ತಗೊಳ್ಳದ ಗಟ್ಟಿಮುಟ್ಟಾದ ಆಳಿಗೂ ಹೀಗೇ. ಕುಯ್ದುಕೊಂಡ ಬೆರಳಿಗಿಂತ ಇದು ಯಾಕೆ ತಡವಾಗಿ ನಿಲ್ಲುತ್ತದೆ?

ರಕ್ತ ಹೆಪ್ಪುಗಟ್ಟಲು ಕೊನೆಯಲ್ಲಿ ಬೇಕಾಗುವುದು ಥ್ರಾಂಬಿನ್ ಎನ್ನುವ ಒಂದು ಪ್ರೋಟೀನ್. ಅದು ಕತ್ತರಿ ಇದ್ದ ಹಾಗೆ. ರಕ್ತದಲ್ಲಿ ಕರಗಿಕೊಂಡಿರುವ ಫೈಬ್ರಿನೊಜನ್ ಎನ್ನುವ ಇನ್ನೊಂದು ಪ್ರೋಟೀನಿನ ತುದಿಯನ್ನು ಕತ್ತರಿಸುತ್ತದೆ. ತುದಿ ಹೋದ ಕೂಡಲೇ ಅವು ಒಂದಕ್ಕೊಂದು ಜೋಡಿಸಿಕೊಂಡು ದಾರವಾಗುತ್ತವೆ. ದಾರ ಬಲೆಯಾಗುತ್ತದೆ. ಬಲೆಯಲ್ಲಿ ರಕ್ತಕಣಗಳು ಸಿಕ್ಕಿಬಿದ್ದು ಗಾಯ ಮುಚ್ಚುತ್ತದೆ. ಇಂಬಳದ ಎಂಜಲಿನಲ್ಲಿ ಈ ಕತ್ತರಿಯನ್ನೇ ಹಿಡಿಯುವ ಅಣು ಇದೆ. ಜಿಗಣೆಯ ಬಾಯಲ್ಲಿ ಹೆಪ್ಪು ತಡೆಯುವ ಏನೋ ಒಂದು ಇದೆ ಎಂದು ಜಾನ್ ಹೇಕ್ರಾಫ್ಟ್ 1884ರಲ್ಲೇ ತೋರಿಸಿದ್ದ. ನೀರಿನಲ್ಲಿರುವ ವೈದ್ಯರ ಜಿಗಣೆಯಲ್ಲಿ ಅದರ ಹೆಸರು ಹಿರುಡಿನ್. ಕಾಡಿನ ನೆಲದ ಮೇಲೆ ನಡೆಯುವ ಇಂಬಳಗಳ ಬಳಗದಲ್ಲಿ ಹೀಮಾಡಿನ್. ಎರಡೂ ಮಾಡುವುದು ಒಂದೇ ಕೆಲಸ. ತಲೆಯನ್ನು ಕತ್ತರಿಯ ಬಾಯಿಗೆ ತುರುಕಿ, ಉದ್ದದ ಬಾಲವನ್ನು ಥ್ರಾಂಬಿನ್ನಿನ ಮಗ್ಗುಲಿಗೆ ಅಂಟಿಸಿಕೊಂಡು ಕೂರುವುದು. ತಮಾಷೆ ಎಂದರೆ ಹಿರುಡಿನ್ನಿನ ಬಾಲ ಒಂದು ಮಗ್ಗುಲಿಗೆ ಅಂಟಿದರೆ ಹೀಮಾಡಿನ್ನಿನ ಬಾಲ ಇನ್ನೊಂದು ಮಗ್ಗುಲಿಗೆ. ಇಬ್ಬರು ಕಳ್ಳರು ಒಂದೇ ಮನೆಗೆ ಬೇರೆ ಬೇರೆ ಕಡೆಯಿಂದ ಕನ್ನ ಕೊರೆದ ಹಾಗೆ. ತಲೆ, ಬಾಲ ಎರಡು ಕಡೆ ಹಿಡಿತ ಇರುವುದರಿಂದ ಬಿಡಿಸಿಕೊಳ್ಳುವುದು ಬಹಳ ಕಷ್ಟ. ಜೀವಲೋಕದಲ್ಲಿ ಗೊತ್ತಿರುವ ಅತಿ ಗಟ್ಟಿ ಹಿಡಿತಗಳಲ್ಲಿ ಹಿರುಡಿನ್ನಿನದೂ ಒಂದು.

ಇಂಬಳ ಹಿಡಿಯುವುದು ಆ ಸಾಸಿವೆ ಕಾಳಿನಷ್ಟು ಜಾಗದ ಥ್ರಾಂಬಿನ್ ಮಾತ್ರ. ಸುತ್ತಲಿನ ರಕ್ತದಲ್ಲಿ ಥ್ರಾಂಬಿನ್ ಆಗುವ ಕಚ್ಚಾ ಮಾಲು, ಅಂದರೆ ಪ್ರೋಥ್ರಾಂಬಿನ್, ಬೇಕಾದಷ್ಟು ಇರುತ್ತದೆ. ಎಂಜಲು ತೊಳೆದುಹೋದ ಮೇಲೆ ಹೆಪ್ಪು ಕಟ್ಟಲೇಬೇಕು. ನಿಮ್ಮ ಅಪ್ಪಯ್ಯನಿಗೆ ಅವತ್ತು ಆ ಕಚ್ಚಾ ಮಾಲೇ ಕೈಕೊಟ್ಟಿತ್ತು.

ಅದು ಹೇಗೆ ಎಂದರೆ, ಪ್ರೋಥ್ರಾಂಬಿನ್ ತಯಾರಾಗುವುದು ಲಿವರಿನಲ್ಲಿ. ತಯಾರಾದ ಹೊಸದರಲ್ಲಿ ಅದು ಕೆಲಸಕ್ಕೆ ಬರುವುದಿಲ್ಲ. ಅದರ ಮೈಮೇಲೆ ಹತ್ತು ಕಡೆ ಒಂದೊಂದು ಕೊಕ್ಕೆ ಇರುತ್ತದೆ. ಲಿವರ್ ಆ ಹತ್ತೂ ಕಡೆ ಇನ್ನೊಂದು ಕೊಕ್ಕೆ ಸೇರಿಸಬೇಕು. ಒಂದು ಕೊಕ್ಕೆ ಇದ್ದದ್ದು ಎರಡಾದರೆ ಇಕ್ಕಳ ಆಗುತ್ತದೆ. ಆ ಇಕ್ಕಳ ಕ್ಯಾಲ್ಸಿಯಂ ಅನ್ನು ಹಿಡಿಯುತ್ತದೆ, ಕ್ಯಾಲ್ಸಿಯಂ ಹಿಡಿದುಕೊಂಡು ಪ್ರೋಥ್ರಾಂಬಿನ್ ಗಾಯದ ಜಾಗದಲ್ಲಿ ಕೂರುತ್ತದೆ. ಇಕ್ಕಳ ಇಲ್ಲದಿದ್ದರೆ ಗಾಯದ ಮುಂದೆಯೇ ತೇಲಿಕೊಂಡು ಹೋಗಿಬಿಡುತ್ತದೆ. ಎರಡನೇ ಕೊಕ್ಕೆ ಹಾಕುವ ಕೆಲಸಕ್ಕೆ ಬೇಕಾದದ್ದೇ ವಿಟಮಿನ್ ಕೆ. ಡೆನ್ಮಾರ್ಕಿನ ಹೆನ್ರಿಕ್ ಡಾಮ್ ಕೋಳಿಮರಿಗಳಿಗೆ ಕೊಬ್ಬಿಲ್ಲದ ಆಹಾರ ಹಾಕಿ ನೋಡುವಾಗ ಅವು ಚರ್ಮದ ಕೆಳಗೆ ರಕ್ತ ಸೋರಿ ಸಾಯುತ್ತಿದ್ದವು. ಹಾಗೆ ಸಿಕ್ಕಿದ ವಿಟಮಿನ್ ಇದು. ಹೆಪ್ಪುಗಟ್ಟುವುದಕ್ಕೆ ಅವರ ಭಾಷೆಯಲ್ಲಿ ಇರುವ ಪದದ ಮೊದಲಕ್ಷರವೇ ಈ ಕೆ.

ಒಂದು ಕೊಕ್ಕೆ ಹಾಕಿದರೆ ಒಂದು ವಿಟಮಿನ್ ಕೆ ಅಣು ಸವೆಯುತ್ತದೆ. ನಮ್ಮ ಮೈ ಬಹಳ ಜಿಪುಣ. ಸವೆದದ್ದನ್ನು ಬಿಸಾಡುವುದಿಲ್ಲ. ವಿಕೆಒಆರ್ ಎನ್ನುವ ಒಂದು ಕಿಣ್ವ ಅದನ್ನು ರಿಪೇರಿ ಮಾಡಿ ಮತ್ತೆ ಕೆಲಸಕ್ಕೆ ಹಚ್ಚುತ್ತದೆ. ಕಿಣ್ವ ಅಂದರೆ ರಾಸಾಯನಿಕ ಕೆಲಸವನ್ನು ಬೇಗ ಮಾಡಿಸುವ ಪ್ರೋಟೀನ್, ಅಷ್ಟೇ. ವಾರ್ಫರಿನ್ ಹೋಗಿ ಕೂರುವುದು ಈ ವಿಕೆಒಆರ್‌ನ ಗುಳಿಯಲ್ಲಿ. ವಿಟಮಿನ್ ಕೆ ಕೂರುವ ಜಾಗದಲ್ಲೇ ಅದು ಹೋಗಿ ತುಂಬಿಕೊಳ್ಳುತ್ತದೆ. ರಿಪೇರಿ ನಿಧಾನವಾಗುತ್ತದೆ. ಲಿವರ್ ಅರ್ಧಂಬರ್ಧ ಕೊಕ್ಕೆಯ ಪ್ರೋಥ್ರಾಂಬಿನ್ ಹೊರಗೆ ಬಿಡುತ್ತದೆ.

ಇಲ್ಲಿ ಎರಡು ವಿಷಯ ಗಮನಿಸಿ. ಜನ ಇದನ್ನು ರಕ್ತ ತೆಳು ಮಾಡುವ ಮಾತ್ರೆ ಅನ್ನುತ್ತಾರೆ. ಡಾಕ್ಟರುಗಳೂ ಸುಮ್ನೆ ಹಾಗೇ ಹೇಳಿಬಿಡುತ್ತಾರೆ. ರಕ್ತ ನೀರು ಸೇರಿಸಿದ ಮಜ್ಜಿಗೆಯ ಹಾಗೆ ತೆಳುವಾಗುವುದೇ ಇಲ್ಲ, ಹೆಪ್ಪುಗಟ್ಟುವುದು ತಡವಾಗುತ್ತದೆ ಅಷ್ಟೇ. ಇನ್ನೊಂದು, ವಾರ್ಫರಿನ್ ರಕ್ತದಲ್ಲಿ ಆಗಲೇ ಇರುವ ಒಳ್ಳೆಯ ಪ್ರೋಥ್ರಾಂಬಿನ್ನನ್ನು ಮುಟ್ಟುವುದಿಲ್ಲ. ಹಳೇ ಸ್ಟಾಕು ಖಾಲಿಯಾಗಬೇಕು. ಅದು ಅರ್ಧಕ್ಕೆ ಇಳಿಯಲು ಎರಡೂವರೆ ದಿನ ಹಿಡಿಯುತ್ತದೆ. ಅದಕ್ಕೇ ಇವತ್ತು ಮಾಡಿದ ಎಡವಟ್ಟು ನಾಲ್ಕೈದು ದಿನ ಬಿಟ್ಟು ಕಾಣುತ್ತದೆ. ಹಲ್ಲಿನ ಮಾತ್ರೆ ಶುರು ಮಾಡಿದ ಮೊದಲ ದಿನವೇ ಇಂಬಳ ಕಚ್ಚಿದ್ದರೆ ಬಹುಶಃ ನೀವು ನನಗೆ ಬರೆಯುತ್ತಲೇ ಇರಲಿಲ್ಲ.

ಪಕ್ಕದ ಮನೆಯವರು ಹೇಳಿದ್ದು ನಿಜ. ವಾರ್ಫರಿನ್ ಹುಟ್ಟಿದ್ದೇ ಇಲಿ ಪಾಷಾಣವಾಗಿ.

ಅದಕ್ಕೂ ಹಿಂದಿನ ಕಥೆ ಹುಲ್ಲಿನದು. ನಿಮ್ಮ ಕಡೆ ಮಳೆಗೆ ನೆನೆದು ಬೂಷ್ಟು ಹಿಡಿದ ಹುಲ್ಲನ್ನು ದನಕ್ಕೆ ಹಾಕಬಾರದು ಅನ್ನುತ್ತಾರಲ್ಲ. 1920ರ ದಶಕದಲ್ಲಿ ಅಮೆರಿಕ, ಕೆನಡಾಗಳಲ್ಲಿ ಸ್ವೀಟ್ ಕ್ಲೋವರ್ ಎನ್ನುವ ಮೇವಿಗೆ ಬೂಷ್ಟು ಬಂದು, ಅದನ್ನು ತಿಂದ ದನಗಳು ರಕ್ತ ಸೋರಿ ಸಾಯತೊಡಗಿದವು. ಕೊಂಬು ಕತ್ತರಿಸಿದರೆ ರಕ್ತ ನಿಲ್ಲುತ್ತಿರಲಿಲ್ಲ. 1933ರ ಫೆಬ್ರವರಿಯಲ್ಲಿ ವಿಸ್ಕಾನ್ಸಿನ್‌ನ ಒಬ್ಬ ರೈತ, ಸತ್ತ ಕರುವನ್ನೂ, ಹೆಪ್ಪುಗಟ್ಟದ ರಕ್ತ ತುಂಬಿದ ಹಾಲಿನ ಕ್ಯಾನನ್ನೂ, ಒಂದಷ್ಟು ಕೆಟ್ಟ ಹುಲ್ಲನ್ನೂ ಗಾಡಿಗೆ ಹಾಕಿಕೊಂಡು ಹಿಮದ ಬಿರುಗಾಳಿಯಲ್ಲಿ ಮ್ಯಾಡಿಸನ್ ಊರಿಗೆ ಬಂದ. ಅವನಿಗೆ ಸಿಕ್ಕಿದ್ದು ಕಾರ್ಲ್ ಪಾಲ್ ಲಿಂಕ್ ಎನ್ನುವ ರಸಾಯನ ವಿಜ್ಞಾನಿಯ ಪ್ರಯೋಗಶಾಲೆ. ಆರು ವರ್ಷ ಕೆಲಸ ಮಾಡಿ 1939ರಲ್ಲಿ ಆ ಹುಲ್ಲಿನಿಂದ ಡೈಕೂಮರಾಲ್ ಎನ್ನುವ ವಸ್ತುವನ್ನು ಬೇರೆ ಮಾಡಿದರು. ಒಳ್ಳೆಯ ಹುಲ್ಲಿನಲ್ಲಿ ಘಮಘಮ ಅನ್ನುವ ಕೂಮರಿನ್ ಇರುತ್ತದೆ. ಬೂಷ್ಟು ಅದನ್ನೇ ಡೈಕೂಮರಾಲ್ ಮಾಡಿಬಿಡುತ್ತದೆ. ಲಿಂಕ್ ತಂಡ ಅದರ ಆಕಾರವನ್ನು ಅಲ್ಲಲ್ಲಿ ತಿದ್ದಿ ಇನ್ನೂ ಬಲವಾದದ್ದನ್ನು ಮಾಡಿತು. ಅದಕ್ಕೆ ಹಣ ಕೊಟ್ಟ ಸಂಸ್ಥೆಯ ಇಂಗ್ಲಿಷ್ ಹೆಸರಿನ ಮೊದಲಕ್ಷರಗಳನ್ನು ಸೇರಿಸಿ ವಾರ್ಫರಿನ್ ಎಂದು ಹೆಸರಿಟ್ಟು, 1948ರಲ್ಲಿ ಇಲಿಗಳಿಗೆ ಮಾರಾಟಕ್ಕೆ ತಂದರು. 1951ರಲ್ಲಿ ಅಮೆರಿಕದ ಸೇನೆಗೆ ಸೇರಿದ್ದ ಒಬ್ಬ ಹುಡುಗ ಸಾಯಬೇಕೆಂದು ಅದನ್ನು ತಿಂದ. ವಿಟಮಿನ್ ಕೆ ಮತ್ತು ರಕ್ತ ಕೊಟ್ಟ ಮೇಲೆ ಪೂರ್ತಿ ಸುಧಾರಿಸಿಕೊಂಡ. ಆಗ ಡಾಕ್ಟರುಗಳ ಕಣ್ಣು ಅದರ ಮೇಲೆ ಬಿತ್ತು: ಹದ ತಪ್ಪಿದರೂ ಹಿಂದಕ್ಕೆ ತರಲು ದಾರಿ ಇದೆಯಲ್ಲ! 1954ರಲ್ಲಿ ಮನುಷ್ಯರಿಗೆ ಕೊಡಲು ಒಪ್ಪಿಗೆ ಸಿಕ್ಕಿತು. ಮಾರನೇ ವರ್ಷ ಹೃದಯಾಘಾತವಾದ ಅಮೆರಿಕದ ಅಧ್ಯಕ್ಷ ಐಸೆನ್‌ಹೋವರ್‌ಗೂ ಕೊಟ್ಟರು. ಅದು ಕೂರುವ ವಿಕೆಒಆರ್‌ನ ಜೀನ್ ಸಿಕ್ಕಿದ್ದು 2004ರಲ್ಲಿ. ಐವತ್ತು ವರ್ಷ ಕೋಟ್ಯಂತರ ಜನಕ್ಕೆ ಕೊಟ್ಟ ಮೇಲೆ!

ಇಲಿಗಳೂ ಸುಮ್ಮನೆ ಕೂರಲಿಲ್ಲ. ಹತ್ತು ವರ್ಷದೊಳಗೆ, ವಿಕೆಒಆರ್‌ನ ಗುಳಿಯ ಆಕಾರ ಸ್ವಲ್ಪ ಬೇರೆ ಇದ್ದ ಇಲಿಗಳು ಉಳಿದುಕೊಂಡು ಸಂಸಾರ ಬೆಳೆಸಿದವು. ವಾರ್ಫರಿನ್‌ಗೆ ಅಲ್ಲಿ ಹಿಡಿತ ಸಿಗಲಿಲ್ಲ, ಉತ್ತರಾಣಿಗೆ ಬೂಟು ಸಿಕ್ಕಿದ ಹಾಗೆ. ಅದಕ್ಕೇ ಈಗ ಗೊಬ್ಬರದ ಅಂಗಡಿಯಲ್ಲಿ ಸಿಗುವ ಬ್ರೊಮಾಡಿಯೊಲೋನ್ ಬಿಲ್ಲೆ ಬಂತು. ಅದು ಅದೇ ಕುಟುಂಬದ್ದು, ಆದರೆ ಹಿಡಿತ ಜಾಸ್ತಿ, ಮೈಯಲ್ಲಿ ವಾರಗಟ್ಟಲೆ ಉಳಿಯುತ್ತದೆ. ಮಕ್ಕಳ ಕೈಗೆ ಸಿಗದ ಹಾಗೆ ಇಡಿ. ಇಲಿ ಪಾಷಾಣವೆಲ್ಲ ಒಂದೇ ಅಂದುಕೊಳ್ಳಬೇಡಿ. ರಂಜಕದ ಪೇಸ್ಟು, ಜಿಂಕ್ ಫಾಸ್ಫೈಡ್ ಪುಡಿ ಪೂರ್ತಿ ಬೇರೆ ವಿಷ. ಅವಕ್ಕೆ ವಿಟಮಿನ್ ಕೆ ಮದ್ದಲ್ಲ. ಯಾರಾದರೂ ತಿಂದರೆ ಪ್ಯಾಕೆಟ್ ಸಮೇತ ಆಸ್ಪತ್ರೆಗೆ ಓಡಿ.

ಈಗ ಹಲ್ಲಿನ ಮಾತ್ರೆ. ನೀವು ಕೊಟ್ಟ ಎರಡೂ ಮಾತ್ರೆ ತಪ್ಪು ಮಾಡಿದವು. ಆದರೆ ಒಂದೊಂದು ಒಂದೊಂದು ಥರ.

ಮೆಟ್ರೊನಿಡಜೋಲ್ ಮಾಡಿದ್ದು ಹೀಗೆ. ದಿನಾ ಒಂದು ಮಾತ್ರೆ ನುಂಗುತ್ತಾ ಹೋದರೆ ಅದು ಮೈಯಲ್ಲಿ ರಾಶಿ ಬೀಳಬೇಕಲ್ಲವೇ? ಬೀಳುವುದಿಲ್ಲ. ಲಿವರಿನಲ್ಲಿ ಅದನ್ನು ಮುರಿದು ಹೊರಹಾಕುವ ಕಿಣ್ವಗಳ ಒಂದು ಗುಂಪೇ ಇದೆ. ವಾರ್ಫರಿನ್ ಅನ್ನು ಮುಖ್ಯವಾಗಿ ನೋಡಿಕೊಳ್ಳುವ ಕಿಣ್ವದ ಹೆಸರು ಸಿವೈಪಿ2ಸಿ9. ಹೆಸರು ಬಸ್ಸಿನ ನಂಬರ್ ಪ್ಲೇಟಿನ ಹಾಗಿದೆ, ಕ್ಷಮಿಸಿ, ನಾವು ಇಟ್ಟದ್ದಲ್ಲ. ಮೆಟ್ರೊನಿಡಜೋಲ್ ಮೈಯಲ್ಲಿದ್ದರೆ ಈ ಕಿಣ್ವದ ಕೆಲಸ ಕುಂಠಿತವಾಗುತ್ತದೆ. ವಾರ್ಫರಿನ್ ಒಳಗೆ ಬರುವುದು ಬರುತ್ತಲೇ ಇರುತ್ತದೆ, ಹೊರಗೆ ಹೋಗುವುದು ಕಮ್ಮಿ. ಚರಂಡಿಗೆ ತರಗೆಲೆ ಕಟ್ಟಿಕೊಂಡರೆ ಅಂಗಳದಲ್ಲಿ ನೀರು ಏರುವ ಹಾಗೆ. ಅಪ್ಪಯ್ಯ ನುಂಗಿದ್ದು 5 ಮಿಲಿಗ್ರಾಂ, ಮೈಗೆ ಅನಿಸಿದ್ದು ಅದಕ್ಕಿಂತ ಎಷ್ಟೋ ಜಾಸ್ತಿ. ಫಂಗಸ್ಸಿಗೆ ಕೊಡುವ ಫ್ಲುಕೊನಜೋಲ್, ಸೋಂಕಿಗೆ ಕೊಡುವ ಕೋಟ್ರೈಮಾಕ್ಸಜೋಲ್ ಕೂಡ ಇದನ್ನೇ ಮಾಡುತ್ತವೆ. ಟಿಬಿಗೆ ಕೊಡುವ ರಿಫಾಂಪಿಸಿನ್ ಉಲ್ಟಾ. ಅದು ಲಿವರಿಗೆ ಹೇಳಿ ಈ ಕಿಣ್ವಗಳನ್ನೇ ಜಾಸ್ತಿ ಮಾಡಿಸುತ್ತದೆ. ವಾರ್ಫರಿನ್ ಬೇಗ ಖಾಲಿಯಾಗಿ ಐಎನ್‌ಆರ್ ಇಳಿದುಬಿಡುತ್ತದೆ.

ಐಬುಪ್ರೊಫೆನ್ ಐಎನ್‌ಆರ್ ಅನ್ನು ಅಷ್ಟಾಗಿ ಏರಿಸುವುದಿಲ್ಲ. ಅದರ ಉಪದ್ರವ ಪರೀಕ್ಷೆಯಲ್ಲಿ ಕಾಣದೇ ಇರುವುದೇ ಅಪಾಯ. ಈ ಜಾತಿಯ ನೋವಿನ ಮಾತ್ರೆಗಳು ಹಿಡಿಯುವುದು ಕಾಕ್ಸ್ ಎನ್ನುವ ಕಿಣ್ವವನ್ನು. ಜಾನ್ ವೇನ್ 1971ರಲ್ಲಿ ಇದನ್ನು ತೋರಿಸಿದರು. 1982ರಲ್ಲಿ ನೊಬೆಲ್ ಹಂಚಿಕೊಂಡರು. ಕಾಕ್ಸ್ ತಯಾರಿಸುವ ವಸ್ತು ಹಲ್ಲಿನ ಬುಡದಲ್ಲಿ ನೋವು, ಊತ ಹೆಚ್ಚಿಸುತ್ತದೆ. ಅದೇ ವಸ್ತು ಹೊಟ್ಟೆಯಲ್ಲಿ ಆಸಿಡ್‌ನಿಂದ ಗೋಡೆಯನ್ನು ಕಾಯುತ್ತದೆ. ರಕ್ತದ ಪ್ಲೇಟ್‌ಲೆಟ್‌ಗಳಲ್ಲಿ ಕಾಕ್ಸ್‌ನಿಂದ ಆಗುವ ಇನ್ನೊಂದು ವಸ್ತು ಅವು ಒಂದಕ್ಕೊಂದು ಅಂಟಲು ಬೇಕು. ಮಾತ್ರೆಗೆ ಹಲ್ಲು, ಹೊಟ್ಟೆ ಅಂತ ಭೇದ ಇಲ್ಲ. ಎಲ್ಲೆಲ್ಲಿ ಕಾಕ್ಸ್ ಇದೆಯೋ ಅಲ್ಲೆಲ್ಲ ಕೂತಿತು. ಹೀಗೆ ಅಪ್ಪಯ್ಯನ ಮೈಯಲ್ಲಿ ಬಲೆ ಹೆಣೆಯುವುದೂ ನಿಂತಿತು, ಪ್ಲೇಟ್‌ಲೆಟ್ ಅಂಟುವುದೂ ಕುಂಟಿತು. ಅದರ ಮೇಲೆ ಇಂಬಳ ಬಂದು ಉಳಿದ ಥ್ರಾಂಬಿನ್ನಿಗೂ ಬಾಯಿ ಹಾಕಿತು. ಮೂರು ಜನ ಮೂರು ಕಡೆ ಹಿಡಿದ ಮೇಲೆ ರಕ್ತ ನಿಲ್ಲುವುದಾದರೂ ಹೇಗೆ? ನಿಜ ಹೇಳಬೇಕೆಂದರೆ ಆ ಇಂಬಳ ನಿಮಗೆ ಉಪಕಾರ ಮಾಡಿತು. ಅದು ಕಚ್ಚದೇ ಇದ್ದಿದ್ದರೆ ಮುಂದಿನ ರಕ್ತ ಹೊಟ್ಟೆಯೊಳಗೋ ತಲೆಯೊಳಗೋ ಸೋರಬಹುದಿತ್ತು, ಕಣ್ಣಿಗೆ ಕಾಣುತ್ತಿರಲಿಲ್ಲ.

ನಿಮ್ಮನ್ನು ಬೈಯುವ ಯೋಗ್ಯತೆ ನನಗಿಲ್ಲ. ಮೂವತ್ತು ವರ್ಷ ಇದನ್ನೇ ಪಾಠ ಮಾಡಿದ ನಾನೇ ಒಮ್ಮೆ ಸೋಂಕಿಗೆ ಸಿಪ್ರೊಫ್ಲಾಕ್ಸಸಿನ್ ತಗೊಂಡು ಮೂರು ರಾತ್ರಿ ನಿದ್ದೆ ಇಲ್ಲದೆ ಒದ್ದಾಡಿದ್ದೇನೆ. ಎದೆ ಡವಡವ, ಕೈ ನಡುಕ. ಜ್ವರದ ಸುಸ್ತು ಅಂದುಕೊಂಡು ಇನ್ನೂ ಒಂದು ಲೋಟ ಕಾಫಿ ಕುಡಿಯುತ್ತಿದ್ದೆ. ಸಕಲೇಶಪುರದ ಕಡೆಯವನು, ದಿನಕ್ಕೆ ಐದು ಲೋಟ ನನಗೆ ಲೆಕ್ಕವೇ ಅಲ್ಲ. ಮೂರನೇ ರಾತ್ರಿ ಎರಡು ಗಂಟೆಗೆ ಹೊಳೆಯಿತು. ಕೆಫೀನ್ ಅನ್ನು ಮುರಿಯುವ ಕಿಣ್ವವನ್ನು ಸಿಪ್ರೊಫ್ಲಾಕ್ಸಸಿನ್ ತಡೆಯುತ್ತದೆ. ಬೆಳಗಿನ ಕಾಫಿ ರಾತ್ರಿಯೂ ಮೈಯಲ್ಲೇ ಇತ್ತು. ಕೆಫೀನಿನ ಆಟವೂ ಇಂಥದ್ದೇ ನೋಡಿ. ಎಚ್ಚರವಾಗಿದ್ದಷ್ಟೂ ಮಿದುಳಿನಲ್ಲಿ ಅಡಿನೊಸಿನ್ ಎನ್ನುವುದು ಸೇರುತ್ತಾ ಹೋಗಿ, ತನ್ನ ಗುಳಿಯಲ್ಲಿ ಕೂತು ನಿದ್ದೆ ತರಿಸುತ್ತದೆ. ಕೆಫೀನ್ ಅದೇ ಗುಳಿಯಲ್ಲಿ ಹೋಗಿ ಕೂರುತ್ತದೆ, ಆದರೆ ಕೆಲಸ ಮಾಡುವುದಿಲ್ಲ. ಸೀಟಿನ ಮೇಲೆ ಟವೆಲ್ ಹಾಕಿಟ್ಟ ಹಾಗೆ. ಟವೆಲ್ ಎತ್ತುವವನೇ ಇಲ್ಲದಿದ್ದರೆ ನಿದ್ದೆಗೆ ಜಾಗ ಎಲ್ಲಿ?

ತೋಟದ ಮರಕ್ಕೆ ಹಬ್ಬಿಸಿದ ಕಾಳುಮೆಣಸಿಗೂ ಈ ಗುಣ ಇದೆ ಎಂದರೆ ಆಶ್ಚರ್ಯವಾಗಬಹುದು. ಅದರ ಖಾರದ ವಸ್ತು ಪೈಪರಿನ್. ಅದು ಕರುಳಲ್ಲಿ ಔಷಧವನ್ನು ಹೊರದಬ್ಬುವ ಪಂಪನ್ನೂ, ಕೆಲವು ಕಿಣ್ವಗಳನ್ನೂ ತಡೆಯುತ್ತದೆ. ಜಮ್ಮುವಿನ ಸರ್ಕಾರಿ ಪ್ರಯೋಗಾಲಯದವರು ಇದನ್ನೇ ಉಪಯೋಗ ಮಾಡಿಕೊಂಡು, ಒಂದು ಕಂಪನಿಯ ಜೊತೆ ಸೇರಿ ಟಿಬಿಯ ಕ್ಯಾಪ್ಸೂಲ್ ತಂದರು. ಮಾಮೂಲಿ 450 ಮಿಲಿಗ್ರಾಂ ರಿಫಾಂಪಿಸಿನ್ ಬದಲು 200 ಮಿಲಿಗ್ರಾಂ, ಜೊತೆಗೆ 10 ಮಿಲಿಗ್ರಾಂ ಪೈಪರಿನ್. ಎಡವಟ್ಟು ಮಾಡುವ ಗುಣವನ್ನೇ ದುಡಿಸಿಕೊಂಡದ್ದು ನನಗೆ ಬಹಳ ಇಷ್ಟ. ಸಾರಿಗೆ ಹಾಕುವ ಮೆಣಸಿನ ಬಗ್ಗೆ ಹೆದರಬೇಕಿಲ್ಲ. ಆದರೆ ಅಪ್ಪಯ್ಯನಿಗೆ ಮೆಣಸು, ಶುಂಠಿ, ಬೆಳ್ಳುಳ್ಳಿಯ ಗಟ್ಟಿ ಕಷಾಯವನ್ನು ವಾರಗಟ್ಟಲೆ ಕೊಡಬೇಡಿ. ಅರಿಶಿನದ ಕ್ಯಾಪ್ಸೂಲ್‌ಗಳೂ ಬೇಡ.

ಹೊಸ ಮಾತ್ರೆಯ ವಿಷಯ. ಇವೆ. ಡಾಬಿಗಾಟ್ರಾನ್ ಎನ್ನುವುದು ಇಂಬಳದ ಹಾಗೆ ನೇರವಾಗಿ ಥ್ರಾಂಬಿನ್ನಿನ ಬಾಯಿಗೇ ಹೋಗಿ ಕೂರುತ್ತದೆ. ಎಪಿಕ್ಸಬಾನ್, ರಿವರೊಕ್ಸಬಾನ್ ಎನ್ನುವವು ಥ್ರಾಂಬಿನ್ನಿಗಿಂತ ಒಂದು ಮೆಟ್ಟಿಲು ಹಿಂದಿನ ಕಿಣ್ವವನ್ನು ಹಿಡಿಯುತ್ತವೆ. ಸೊಪ್ಪಿನ ಗೊಡವೆ ಇಲ್ಲ, ತಿಂಗಳಿಗೊಮ್ಮೆ ರಕ್ತ ಪರೀಕ್ಷೆ ಇಲ್ಲ. ಎದೆಬಡಿತ ಏರುಪೇರಾಗುವ ಎಷ್ಟೋ ಜನಕ್ಕೆ, ಕಾಲಿನಲ್ಲಿ ಹೆಪ್ಪಾದವರಿಗೆ ಇವು ವರ. ನಿಮ್ಮ ಅಪ್ಪಯ್ಯನಿಗೆ ಮಾತ್ರ ಬೇಡ. ಲೋಹದ ವಾಲ್ವ್ ಇದ್ದವರಿಗೆ ಡಾಬಿಗಾಟ್ರಾನ್ ಕೊಟ್ಟು ನೋಡಿದ ಪ್ರಯೋಗವನ್ನು ಅರ್ಧಕ್ಕೇ ನಿಲ್ಲಿಸಬೇಕಾಯಿತು. ವಾರ್ಫರಿನ್ ತಗೊಂಡವರಿಗಿಂತ ಅವರಿಗೆ ಹೆಪ್ಪೂ ಜಾಸ್ತಿ ಆಯಿತು, ರಕ್ತಸ್ರಾವವೂ ಜಾಸ್ತಿ ಆಯಿತು. 2013ರಲ್ಲಿ ಅದರ ವರದಿ ಬಂತು. ಎಪಿಕ್ಸಬಾನ್ ಪ್ರಯೋಗವನ್ನೂ ಆಮೇಲೆ, ಹೆಪ್ಪು ಜಾಸ್ತಿಯಾಯಿತು ಅಂತ, ಅರ್ಧಕ್ಕೇ ನಿಲ್ಲಿಸಿದರು. ಲೋಹದ ಮೇಲೆ ಒಂದೇ ಸಮನೆ ಥ್ರಾಂಬಿನ್ ಹುಟ್ಟುತ್ತಿರುತ್ತದೆ. ಹುಟ್ಟಿದ ಒಂದೊಂದನ್ನೂ ಹಿಡಿಯುತ್ತಾ ಹೋಗುವುದಕ್ಕಿಂತ, ಲಿವರಿನಲ್ಲೇ ಪ್ರೋಥ್ರಾಂಬಿನ್ ಸೇರಿದಂತೆ ನಾಲ್ಕು ಬಗೆಯ ಕಚ್ಚಾ ಮಾಲನ್ನು ಒಟ್ಟಿಗೆ ಕಮ್ಮಿ ಮಾಡುವ ಹಳೇ ವಾರ್ಫರಿನ್ ಅಲ್ಲಿ ಗೆಲ್ಲುತ್ತದೆ ಎಂದು ಕಾರಣ ಕೊಡುತ್ತಾರೆ. ನನಗೂ ಅದು ಸರಿ ಅನಿಸುತ್ತದೆ. ಯಾರಾದರೂ ಪರಿಚಯದವರು ಹೊಸ ಮಾತ್ರೆ ತಗೊಂಡು ಹಾಯಾಗಿದ್ದಾರೆ ಅಂತ ಅಪ್ಪಯ್ಯನ ಮಾತ್ರೆ ಬದಲಿಸಬೇಡಿ.

ಮುಂದೆ ಹಲ್ಲುನೋವು, ಮಂಡಿನೋವು ಬಂದರೆ ಏನು ಮಾಡುವುದು? ಪ್ಯಾರಸಿಟಮಾಲ್ ಉಳಿದವಕ್ಕಿಂತ ವಾಸಿ. ಒಂದೆರಡು ದಿನ, ಕಮ್ಮಿ ಡೋಸು ಪರವಾಗಿಲ್ಲ. ದಿನಕ್ಕೆ ನಾಲ್ಕರಂತೆ ವಾರ ಪೂರ್ತಿ ನುಂಗಿದರೆ ಅದೂ ಐಎನ್‌ಆರ್ ಏರಿಸಬಹುದು. ಆಂಟಿಬಯಾಟಿಕ್ ಬೇಕೇಬೇಕು ಎಂದಾದರೆ ತೊಂದರೆ ಇಲ್ಲ, ಹಲ್ಲಿನ ಡಾಕ್ಟರಿಗೆ ಮೊದಲೇ ವಾರ್ಫರಿನ್ ಹೆಸರು ಹೇಳಿ. ಅವರು ಬೇರೆ ಮಾತ್ರೆ ಆರಿಸುತ್ತಾರೆ, ಇಲ್ಲವೇ ನಾಲ್ಕನೇ ದಿನಕ್ಕೆ ಐಎನ್‌ಆರ್ ನೋಡಿಸಲು ಹೇಳುತ್ತಾರೆ. ಅಪ್ಪಯ್ಯನ ಶರ್ಟಿನ ಜೇಬಿನಲ್ಲಿ ಒಂದು ಚೀಟಿ ಇರಲಿ: ವಾಲ್ವ್ ಆಪರೇಶನ್ ಆಗಿದೆ, ವಾರ್ಫರಿನ್ 5 ಮಿಲಿಗ್ರಾಂ, ಕಳೆದ ಸಲದ ಐಎನ್‌ಆರ್ ಎಷ್ಟು. ಚೀಟಿಗೆ ಇನ್ನೊಂದು ಕಾರಣವೂ ಇದೆ. ನಿಮ್ಮ ಕಡೆ ಮಂಡಲದ ಹಾವು ಇದ್ದೇ ಇದೆ. ಅದು ಕಚ್ಚಿದವರ ರಕ್ತವನ್ನು ಗಾಜಿನ ಟ್ಯೂಬಿಗೆ ಹಾಕಿ 20 ನಿಮಿಷ ಅಲುಗಾಡಿಸದೆ ಇಡುತ್ತಾರೆ. ಹೆಪ್ಪಾಗದಿದ್ದರೆ ವಿಷ ಏರಿದೆ ಎಂದು ಲೆಕ್ಕ. ಮಂಡಲದ ವಿಷ ಹೆಪ್ಪಿನ ಸರಪಳಿಯನ್ನು ಸಿಕ್ಕಾಪಟ್ಟೆ ಓಡಿಸಿ ಸಾಮಾನೆಲ್ಲ ಖಾಲಿ ಮಾಡಿಬಿಡುತ್ತದೆ, ಆಮೇಲೆ ಹೆಪ್ಪುಗಟ್ಟಲು ಏನೂ ಉಳಿಯುವುದಿಲ್ಲ. ಅದಕ್ಕೆ ಬೇಕಾದದ್ದು ಹಾವಿನ ವಿಷ ಇಳಿಸುವ ಇಂಜೆಕ್ಷನ್. ಆ ಟ್ಯೂಬ್ ನೋಡುವ ಡಾಕ್ಟರಿಗೆ ಈ ಮನುಷ್ಯ ವಾರ್ಫರಿನ್ ತಗೊಳ್ಳುತ್ತಾನೆ ಅಂತ ಗೊತ್ತಿರಲೇಬೇಕು.

ಮಲ ಡಾಂಬರಿನ ಹಾಗೆ ಕಪ್ಪಾದರೆ, ಒಸಡಿನಲ್ಲಿ ಸುಮ್ಮಸುಮ್ಮನೆ ರಕ್ತ ಬಂದರೆ, ಬಿದ್ದು ತಲೆಗೆ ಪೆಟ್ಟಾದರೆ, ಕಾಯಬೇಡಿ. ಇಂಬಳ ಕಚ್ಚಿದರೆ ಸೋಪು ಹಚ್ಚಿ ನೀರಿನಲ್ಲಿ ಚೆನ್ನಾಗಿ ತೊಳೆದು, ಎಂಜಲು ಹೋದ ಮೇಲೆ, ಮಡಚಿದ ಬಟ್ಟೆಯಲ್ಲಿ ಹದಿನೈದು ನಿಮಿಷ ಒತ್ತಿ ಹಿಡಿಯಿರಿ. ನಡುನಡುವೆ ಎತ್ತಿ ನೋಡುವ ಚಟ ಎಲ್ಲರಿಗೂ ಇದೆ, ಅದನ್ನು ಮಾಡಬೇಡಿ.

ಇನ್ನು ಅಮ್ಮನ ಸೊಪ್ಪು. ವಿಟಮಿನ್ ಕೆ ಹಸಿರೆಲೆಯಲ್ಲಿ ಜಾಸ್ತಿ. 100 ಗ್ರಾಂ ಪಾಲಕ್‌ನಲ್ಲಿ ಸುಮಾರು 480 ಮೈಕ್ರೊಗ್ರಾಂ ಇರುತ್ತದೆ, ಕೆಸುವಿನ ಎಲೆಯಲ್ಲಿ ಅದರ ಕಾಲು ಭಾಗದಷ್ಟು. ಒಬ್ಬ ದೊಡ್ಡ ಮನುಷ್ಯನಿಗೆ ದಿನಕ್ಕೆ ಬೇಕಾದದ್ದು ಸುಮಾರು 100. ಜಾಸ್ತಿ ಸೊಪ್ಪು ತಿಂದರೆ ವಿಟಮಿನ್ ಕೆ ಹೆಚ್ಚಾಗಿ ವಾರ್ಫರಿನ್ ಸೋಲುತ್ತದೆ, ಐಎನ್‌ಆರ್ ಇಳಿಯುತ್ತದೆ. ಸೊಪ್ಪೇ ಬಿಟ್ಟರೆ ಅದೇ 5 ಮಿಲಿಗ್ರಾಂ ಮಾತ್ರೆ ಬಲವಾಗಿ ಐಎನ್‌ಆರ್ ಏರುತ್ತದೆ. ಅಂದರೆ ಅಮ್ಮ ಹೆದರಿ ಮಾಡುತ್ತಿರುವುದು, ಯಾವುದಕ್ಕೆ ಹೆದರಿದರೋ ಅದನ್ನೇ ಕರೆದ ಹಾಗೆ. ಸೊಪ್ಪು ಬಿಟ್ಟು ಎಷ್ಟು ದಿನವಾಯಿತು ಅಂತ ಡಾಕ್ಟರಿಗೆ ಹೇಳಿ. ಈಗ ಮತ್ತೆ ಶುರು ಮಾಡಿದರೆ ಹತ್ತು ದಿನದೊಳಗೆ ಒಮ್ಮೆ ಐಎನ್‌ಆರ್ ನೋಡಿಸಿ. ವಾರಕ್ಕೆ ಮೂರು ದಿನ ಸೊಪ್ಪಿನ ಸಾರೋ ಪಲ್ಯವೋ ಅಂತಿದ್ದರೆ, ವರ್ಷ ಪೂರ್ತಿ ಮೂರೇ ದಿನ ಇರಲಿ.

ಪತ್ರೊಡೆ ಬಗ್ಗೆ ನೀವು ಕೇಳಲಿಲ್ಲ, ಆದರೆ ಆಷಾಢದಲ್ಲಿ ಕೊಪ್ಪದ ಮನೆಯಲ್ಲಿ ಪತ್ರೊಡೆ ಮಾಡದೇ ಇರುತ್ತಾರೆ ಅಂತ ನಾನು ನಂಬುವುದಿಲ್ಲ. ಒಂದರ ಮೇಲೊಂದು ಹತ್ತು ಎಲೆ ಇಟ್ಟು ಸುತ್ತಿದ ಸುರುಳಿ ಅದು. ಬೆಳಿಗ್ಗೆ ಆರು ತುಂಡು, ಸಂಜೆ ಕಾಫಿಗೆ ಮತ್ತೆ ನಾಲ್ಕು ತುಂಡು ಹುರಿದು, ಹೀಗೆ ನಾಲ್ಕು ದಿನ ನಡೆದರೆ ಐಎನ್‌ಆರ್ ಇಳಿಯಬಹುದು. ಅಪ್ಪಯ್ಯನಿಗೆ ಎರಡು ತುಂಡು ಕೊಡಿ. ಅವತ್ತು ಬೇರೆ ಸೊಪ್ಪು ಬೇಡ.